ಮಚ್ಚೆ ಗಿಡದ ದಂಟು

ಕೆಂಪಸಿದ್ದಯ್ಯ ಹೆಂಡತಿಗೆ ಹೊಡೆಯಲು ನಿಂತರೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿದ್ದ. ಒಂದು ಸಲ ಗುದ್ದಲಿಯ ಕಾವು, ಒಂದು ಸಲ ಬಾರುಕೋಲು, ಇನ್ನೊಂದು ಸಲ ಒಲೆಯ ಮೇಲಿಂದ ಆಗಷ್ಟೇ ಇಳಿಸಿದ್ದ ಸಾರಿನ ಪಾತ್ರೆ. ಹೊಂಬಾಳಮ್ಮನ ಎಡಗೈಯ ಕಿರುಬೆರಳು ಸೊಟ್ಟಗಿರುವುದೂ, ಕುತ್ತಿಗೆಯ ಕೆಳಗೆ ಅಂಗೈಯಗಲದ ಸುಟ್ಟ ಕಲೆ ಇರುವುದೂ ಆ ಪುಣ್ಯಾತ್ಮನ ಕೃಪೆ. ಅವನು ಸತ್ತಾಗ ಬೆಳಕವಾಡಿಯ ಹೆಂಗಸರೆಲ್ಲ ಸೇರಿ ಅತ್ತರು, ಅವಳೂ ಎದೆ ಬಡಿದುಕೊಂಡು ಅತ್ತಳು. ತಿಥಿ ಮುಗಿದ ಮೇಲೆ ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಕಣ್ತುಂಬ ನಿದ್ದೆ ಮಾಡಿದಳು. ಅದನ್ನು ಮಾತ್ರ ಯಾರಿಗೂ ಹೇಳಿಕೊಳ್ಳಲಿಲ್ಲ.

ಇಷ್ಟೆಲ್ಲ ತಿಂದವಳು ಸೊಸೆಯ ಬೆನ್ನಿಗೆ ನಿಲ್ಲುತ್ತಾಳೆ ಎಂದು ನೀವು ಅಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ಮಗ ಯತೀಶ್ ಮದುವೆಯಾದ ನಾಲ್ಕನೇ ತಿಂಗಳಿಗೆ ಹೆಂಡತಿ ಅರ್ಪಿತಳ ಕೆನ್ನೆಗೆ ಬಾರಿಸಿದಾಗ ಹೊಂಬಾಳಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಏಟಿನ ಸದ್ದಿಗೆ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಬಿಡಿಸತೊಡಗಿದಳು.

"ಒಂದೇಟ್ಗೆಲ್ಲಾ ಮೂತಿ ಊದುಸ್ಕೊಂಡು ಕೂತ್ರೆ ಸಂಸಾರ ಆಯ್ತದಾ? ನಾನ್ ತಿಂದಿರೋದ್ರಲ್ಲಿ ಕಾಲ್ಭಾಗ ತಿಂದಿಲ್ಲ ನೀನು" ಎಂದಳು ಸೊಸೆಗೆ. ತಾವು ತಿಂದ ಏಟನ್ನು ಪದಕದ ಹಾಗೆ ತೋರಿಸಿಕೊಂಡು ತಿರುಗುವ ಹೆಂಗಸರಿದ್ದಾರೆ. ಹೊಂಬಾಳಮ್ಮನೂ ಅವರಲ್ಲಿ ಒಬ್ಬಳು. ಮಗನ ಕೈ ಜೋರು ಎಂದು ಬೀದಿಯವರ ಹತ್ತಿರ ಹೇಳುವಾಗ ಅವಳ ದನಿಯಲ್ಲಿ ಒಂದು ಎಳೆ ಹೆಮ್ಮೆಯೂ ಇರುತ್ತಿತ್ತು. ನಾಚಿಕೆಯಾಗಬೇಕಿತ್ತು ಅವಳಿಗೆ, ಆಗಿರಲಿಲ್ಲ.

ಗಂಡ ಸತ್ತ ಮೇಲೆ ಅವಳು ಬಂದು ಸೇರಿದ ಮಗನ ಮನೆ ಇದ್ದದ್ದು ಮದ್ದೂರಿನಲ್ಲಿ, ಹಳೆಯ ಬಸ್‌ ನಿಲ್ದಾಣದಿಂದ ಕೂಗಳತೆ ದೂರದ ಗಲ್ಲಿಯಲ್ಲಿ, ಮಹಡಿಯ ಮೇಲೆ. ಯತೀಶ್ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಮಿಷನ್ ನಡೆಸುತ್ತಿದ್ದ. ವಾರಕ್ಕೊಂದು ಪಾಳಿ. ಅರ್ಪಿತ ನಿಡಘಟ್ಟದ ಹುಡುಗಿ, ಮದುವೆಗೆ ಮುಂಚೆ ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದಳು. ಅದನ್ನು ಯತೀಶ್ ಬಿಡಿಸಿ ಮನೆಯಲ್ಲಿ ಕೂರಿಸಿದ. ಮನೆಯೋ, ನಡುಮನೆಗೆ ಒಂದೇ ಕಿಟಕಿ, ಕಿಟಕಿಯಾಚೆ ಎರಡು ಮೊಳಕ್ಕೆ ಪಕ್ಕದ ಕಟ್ಟಡದ ಗೋಡೆ. ಮಧ್ಯಾಹ್ನ ಹನ್ನೆರಡಕ್ಕೂ ಲೈಟು ಹಾಕಿಕೊಂಡೇ ಅಕ್ಕಿ ಆರಿಸಬೇಕು. ಆ ಕತ್ತಲೆಯಲ್ಲಿ ಕೂತು ಕೂತು ಹುಡುಗಿಗೆ ಉಸಿರು ಕಟ್ಟಿತು.

ಕೆಳಗಿನ ಮನೆಯ ವೀಣ ಒಂದು ದಿನ ಮನಿ ಪ್ಲಾಂಟಿನ ಬಳ್ಳಿಯನ್ನು ಮುರಿದು ಕೊಟ್ಟಳು. ಅರ್ಪಿತ ಅದನ್ನು ಹಳೆಯ ಉಪ್ಪಿನಕಾಯಿ ಬಾಟಲಿಗೆ ನೀರು ತುಂಬಿ ಇಳಿಬಿಟ್ಟಳು. ಹತ್ತು ದಿನಕ್ಕೆ ಬಿಳಿ ಬೇರು ಬಂತು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಹೆದ್ದಾರಿ ಬದಿಯ ನರ್ಸರಿಗೆ ಹೋಗಿ ಬಿಸಿಲು ಕೇಳದ ಗಿಡಗಳನ್ನೇ ಹುಡುಕಿ ತಂದಳು. ಕತ್ತಿಯಂತೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟು, ಇಳಿಬಿದ್ದ ಕಡ್ಡಿಯ ತುದಿಯಲ್ಲಿ ಮರಿ ಹಾಕುವ ಸ್ಪೈಡರ್ ಪ್ಲಾಂಟು, ದಪ್ಪ ದಂಟಿನ ಅಗಲ ಎಲೆಯ ಮೇಲೆ ಬಿಳಿ ಬಿಳಿ ಮಚ್ಚೆಯಿರುವ ಇನ್ನೊಂದು. ಅದಕ್ಕೆ ನರ್ಸರಿಯವರು ಹೇಳಿದ ಹೆಸರು ಹೊಂಬಾಳಮ್ಮನ ನಾಲಿಗೆಗೆ ಹೊರಳಲಿಲ್ಲ. ಅವಳು ಅದನ್ನು ಮಚ್ಚೆ ಗಿಡ ಎಂದು ಕರೆದಳು.

ಫೋನಿನಲ್ಲಿ ನೋಡಿ ನೋಡಿ ಅರ್ಪಿತ ಕಲಿತಳು. ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ, ಒಂದಿಷ್ಟು ಮರಳು, ಪುಡಿಯಾದ ಸಗಣಿ ಗೊಬ್ಬರ. ಕುಂಡದ ತಳಕ್ಕೆ ತೂತು, ತೂತಿನ ಮೇಲೆ ಹೆಂಚಿನ ಚೂರು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆಯ ಧೂಳು ಒರೆಸುವುದು, ಬೆಳಕಿನ ಕಡೆ ಬಾಗಿದ ಕುಂಡವನ್ನು ಕಾಲು ಸುತ್ತು ತಿರುಗಿಸಿ ಇಡುವುದು. ಗಿಡಗಳ ನಡುವೆ ಇರುವಾಗ ಅವಳು ಏನೋ ಗುನುಗಿಕೊಳ್ಳುತ್ತಿದ್ದಳು. ಆ ಗುನುಗು ಹೊಂಬಾಳಮ್ಮನಿಗೆ ಆಗುತ್ತಿರಲಿಲ್ಲ.

ಹಾಗೆಂದು ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಸೊಸೆ ಅಂಗಡಿಗೆ ಹೋದಾಗ ಚೊಂಬು ಚೊಂಬು ನೀರು ತಂದು ಕುಂಡಗಳು ತುಂಬಿ ನಿಲ್ಲುವ ತನಕ ಹುಯ್ದಳು, ಗದ್ದೆಗೆ ಕಟ್ಟಿದ ಹಾಗೆ.

"ಅತ್ತೆ, ಬೆರಳಿಟ್ಟು ನೋಡ್ಬೇಕು. ಎರಡು ಗೆಣ್ಣು ಇಳಿಯೋ ಗಂಟ ಮಣ್ಣು ಒಣಗಿದ್ರೆ ಮಾತ್ರ ನೀರು" ಎಂದಳು ಅರ್ಪಿತ.

"ನಾಲೆ ನೀರಲ್ಲಿ ನಲವತ್ ವರ್ಸ ಗದ್ದೆ ಮಾಡಿವ್ನಿ ಕಣೆ ನಾನು. ನೀರ್ ಕಟ್ಟೋದ್ನ ನಂಗೇ ಕಲುಸ್ತೀಯಾ?"

ನೀರಿನಲ್ಲಿ ಎರಡು ಗಿಡ ಕೊಳೆತವು. ಉಳಿದವು ಬಡಕಲಾದವೆಂದು ಮರುಕಪಟ್ಟು ಹೊಂಬಾಳಮ್ಮ ಊರಿಂದ ಬರುವಾಗ ಸೆರಗಿನಲ್ಲಿ ಯೂರಿಯಾ ಕಟ್ಟಿಕೊಂಡು ಬಂದು ಕುಂಡಕ್ಕೊಂದು ಹಿಡಿ ಹಾಕಿದಳು. ಭತ್ತಕ್ಕೆ, ಕಬ್ಬಿಗೆ ಆಗುವುದು ಇದಕ್ಕೆ ಯಾಕೆ ಆಗಬಾರದು? ನಾಲ್ಕು ದಿನಕ್ಕೆ ಐದು ಗಿಡ ಸುಟ್ಟುಹೋದವು. ಅರ್ಪಿತ ನೆಲದ ಮೇಲೆ ಕೂತು, ಕಪ್ಪಾದ ಬೇರುಗಳನ್ನು ಮಡಿಲಿಗೆ ಹಾಕಿಕೊಂಡು, "ಯಾಕತ್ತೆ ಹಿಂಗ್ ಮಾಡ್ತೀರಾ?" ಎಂದು ಬಿಕ್ಕಿದಳು.

ಯತೀಶ್ ಸ್ನಾನ ಮುಗಿಸಿ ಬಂದವನು ಅಷ್ಟನ್ನೇ ಕೇಳಿಸಿಕೊಂಡ. "ಗಿಡುಕ್ಕೆ ಅಳ್ತಿಯೇನೇ? ನಮ್ಮವ್ವುಂಗೆ ಎದುರ್ ಮಾತಾಡ್ತೀಯಾ?" ಎಂದು ಜಡೆ ಹಿಡಿದು ಎತ್ತಿ, ಮೂಗಿನ ಮೇಲೆ ಗುದ್ದಿದ. ರಕ್ತ ಕುಂಡದ ಮಣ್ಣಿನ ಮೇಲೆ ತೊಟ್ಟಿಕ್ಕಿತು. ಯೂರಿಯಾ ಹಾಕಿದ್ದು ತಾನು ಎಂದು ಹೊಂಬಾಳಮ್ಮ ಹೇಳಬಹುದಿತ್ತು, ಹೇಳಲಿಲ್ಲ. ಅರ್ಪಿತ ಮೂಗು ತೊಳೆದುಕೊಂಡು ಬಂದು, ಸತ್ತ ಬೇರುಗಳನ್ನು ಕತ್ತರಿಸಿ, ಉಳಿದ ತುಂಡುಗಳನ್ನು ಹೊಸ ಮಣ್ಣಿನಲ್ಲಿ ನೆಟ್ಟಳು.

ಮೂರನೆಯ ದಿನ ಅತ್ತೆಗೆ ಹೇಳಿದ್ದು ಒಂದೇ ಮಾತು. "ಆ ಮಚ್ಚೆ ಗಿಡ ಮುರೀಬೇಡಿ ಅತ್ತೆ. ಅದರ ರಸ ಒಳ್ಳೇದಲ್ಲ, ಬಾಯಿಗೆ ತಾಕಿದ್ರೆ ಕಷ್ಟ."

ಹೊಂಬಾಳಮ್ಮನಿಗೆ ಮೈ ಉರಿಯಿತು. ಬೆಳಕವಾಡಿಯಲ್ಲಿ ಯಾವ ಬದುವಿನಲ್ಲಿ ಯಾವ ಸೊಪ್ಪು ಯಾವ ತಿಂಗಳಿಗೆ ಬರುತ್ತದೆ ಎಂದು ಕೇಳಬೇಕಾದರೆ ಜನ ಅವಳನ್ನೇ ಕೇಳಬೇಕು. ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ ಎಂದು ಇಪ್ಪತ್ತು ಬಗೆ ಸೊಪ್ಪನ್ನು ಮಡಿಲಿಗೆ ಕಿತ್ತುಕೊಂಡು ಬಂದು, ಬೆರಕೆ ಸೊಪ್ಪಿನ ಉಪ್ಸಾರು ಮಾಡಿದರೆ ಕೆಂಪಸಿದ್ದಯ್ಯನಂಥವನೂ ಅವತ್ತು ಕೈ ಎತ್ತದೆ ಎರಡು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದ. ಅಂಥವಳಿಗೆ ಈ ನಿನ್ನೆ ಮೊನ್ನೆಯ ಹುಡುಗಿ ಎಲೆಯ ಗುಣ ಹೇಳಿಕೊಡುವುದೇ?

ಅದಾಗಿ ತಿಂಗಳಾಗಿರಬೇಕು. ಯತೀಶನಿಗೆ ರಾತ್ರಿ ಪಾಳಿ, ಬೆಳಿಗ್ಗೆ ಬಂದು ಒಳಕೋಣೆಯಲ್ಲಿ ಮಲಗಿದ್ದ. ಹನ್ನೊಂದು ಗಂಟೆಯ ಹೊತ್ತು. ಅರ್ಪಿತ ಕೆಳಗೆ ವೀಣಳ ಮನೆಗೆ ಹೋಗಿದ್ದಳು. ಹೊಂಬಾಳಮ್ಮನಿಗೆ ಬೆರಕೆ ಸೊಪ್ಪಿನ ಆಸೆ ಬಂತು. ಮನೆಯಲ್ಲಿದ್ದದ್ದು ಅಂಗಡಿಯಿಂದ ತಂದ ಬಾಡಿದ ಕೀರೆ ಒಂದು ಕಟ್ಟು. ಒಂದೇ ಸೊಪ್ಪು ಹಾಕಿದರೆ ಅದು ಬೆರಕೆ ಹೇಗಾದೀತು? ಮಂಡಿ ನೋವಿನ ನೆಪದಲ್ಲಿ ವರ್ಷದಿಂದ ಒಲೆಯ ಹತ್ತಿರ ಸುಳಿಯದವಳು ಅವತ್ತು ಎದ್ದು ಕುಡುಗೋಲು ಹುಡುಕಿದಳು. ಸ್ಪೈಡರ್ ಪ್ಲಾಂಟಿನ ನಾಲ್ಕು ಎಳೆ ಎಲೆ ಕೊಯ್ದಳು. ಆಮೇಲೆ ಮಚ್ಚೆ ಗಿಡದ ಮುಂದೆ ಬಂದು ನಿಂತಳು. ಸುರುಳಿ ಸುತ್ತಿಕೊಂಡ ಎಳೆಯ ಕುಡಿ, ಕೆಳಗೆ ರಸ ತುಂಬಿದ ದಂಟು. ಒಳ್ಳೆಯ ತರಕಾರಿಯನ್ನು ತಾನೊಬ್ಬಳೇ ಚೆಂದಕ್ಕೆ ಇಟ್ಟುಕೊಳ್ಳಲು ಸೊಸೆ ಹೆದರಿಸಿದ್ದಾಳೆ ಎಂದೇ ಅವಳಿಗೆ ಅನಿಸಿತು. ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿದಳು.

ಕುದಿಯುವ ನೀರಿಗೆ ಎಲ್ಲ ಹಾಕಿದಳು. ಸೊಪ್ಪು ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳದ್ದು ಒಂದೇ ರೀತಿ, ನಲವತ್ತು ವರ್ಷದ್ದು. ದಂಟಿನ ಒಂದು ಚೂರು ತೆಗೆದು, ಊದಿ, ಬಾಯಿಗೆ ಹಾಕಿಕೊಂಡು ಅಗಿಯುವುದು. ಅಗಿದಳು.

ಮೊದಲು ಏನೂ ಆಗಲಿಲ್ಲ. ಎರಡನೇ ಸಲ ಹಲ್ಲು ಕೂಡಿದಾಗ ನಾಲಿಗೆಗೆ ಸಾವಿರ ಸೂಜಿ ಒಟ್ಟಿಗೆ ಚುಚ್ಚಿದಂತಾಯಿತು. ಉಗಿದಳು. ತುಟಿ, ವಸಡು, ಗಂಟಲು ಎಲ್ಲ ಉರಿಯತೊಡಗಿತು. ನೀರಿಗೆ ಕೈ ಚಾಚಿ ತಂಬಿಗೆ ಉರುಳಿಸಿದಳು. ನಾಲಿಗೆ ಉಬ್ಬಿ ಉಬ್ಬಿ ಬಾಯಿಯೊಳಗೆ ಜಾಗವಿಲ್ಲದೆ ಹಲ್ಲಿನಾಚೆಗೆ ಬಂತು. ಗಲ್ಲದ ಮೇಲೆ ಜೊಲ್ಲು ಇಳಿಯಿತು. "ಯತೀಸ" ಎಂದು ಕೂಗಿದಳು. ಬಂದದ್ದು ಕರು ಅರಚಿದಂಥ ಒಂದು ಸದ್ದು.

ತಂಬಿಗೆ ಬಿದ್ದ ಸದ್ದಿಗೆ ಯತೀಶ್ ಎದ್ದು ಬಂದ. ಅದೇ ಹೊತ್ತಿಗೆ ಅರ್ಪಿತ ಮೆಟ್ಟಿಲು ಹತ್ತಿ ಬಂದಳು. ಕಟ್ಟೆಯ ಮೇಲೆ ಉಳಿದಿದ್ದ ದಂಟಿನ ತುದಿಯನ್ನು ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು. ಫ್ರಿಜ್ಜಿನಿಂದ ತಣ್ಣನೆಯ ಹಾಲು ತಂದು, ಅತ್ತೆಯ ದವಡೆ ಹಿಡಿದು, "ಬಾಯಿ ಮುಕ್ಕಳಿಸಿ ಅತ್ತೆ, ನುಂಗಬೇಡಿ, ಉಗೀರಿ. ಇದು ವಿಷದ ಗಿಡ" ಎಂದು ಲೋಟ ಬಾಗಿಸಿದಳು.

ಯತೀಶನ ಕಿವಿಗೆ ಬಿದ್ದದ್ದು ವಿಷ. ಕಣ್ಣಿಗೆ ಬಿದ್ದದ್ದು ಅವ್ವನ ಬಾಯಿಗೆ ಹೆಂಡತಿ ಬಲವಂತವಾಗಿ ಏನೋ ಹುಯ್ಯುತ್ತಿರುವುದು. ಒಲೆಯ ಮೇಲೆ ಸೊಪ್ಪು ಕುದಿಯುತ್ತಿತ್ತು. ಆ ಮನೆಯಲ್ಲಿ ಒಲೆ ಹಚ್ಚುವುದು ಒಬ್ಬಳೇ ಎಂಬುದು ಅವನಿಗೆ ಗೊತ್ತು. ಕಾಲಿನಿಂದ ಒದ್ದ ಏಟಿಗೆ ಲೋಟ ಹಾರಿ ಗೋಡೆಗೆ ಬಡಿಯಿತು.

"ವಿಸ ಅಂತ ಗೊತ್ತಿದ್ದೂ ಮನೇಲಿ ತಂದು ಮಡಗ್ದಾ? ಗೊತ್ತಿದ್ದೂ ನಮ್ಮವ್ವುಂಗೆ ಬೇಯ್ಸಿ ಇಕ್ದಾ?"

"ನಾನ್ ಬೇಯ್ಸಿಲ್ಲ! ನಾನ್ ಕೆಳ್ಗಡೆ ಇದ್ದೆ, ವೀಣಕ್ಕನ್ನ ಕೇಳಿ..."

ಕೇಳುವ ಮನುಷ್ಯ ಅಲ್ಲವಲ್ಲ ಅವನು. ಜುಟ್ಟು ಹಿಡಿದು ನಡುಮನೆಗೆ ಎಳೆದೊಯ್ದ. ಅವಳ ಹಣೆಯನ್ನು ಗೋಡೆಗೆ ಚಚ್ಚಿದ, ಒಂದು ಸಲ, ಎರಡು ಸಲ. ಸುಣ್ಣದ ಮೇಲೆ ಕೆಂಪು ಹತ್ತಿತು. ಅವಳು ಕುಸಿದರೆ ಒದ್ದು ಎಬ್ಬಿಸಿದ. ಪಿಂಗಾಣಿ ಕುಂಡವೊಂದನ್ನು ಗಿಡದ ಸಮೇತ ಎತ್ತಿ ತಲೆಗೆ ಗುರಿಯಿಟ್ಟ. ಅರ್ಪಿತ ಬಲಗೈ ಅಡ್ಡ ಹಿಡಿದಳು. ಮೊಣಕೈ ಕೆಳಗೆ ಹಸಿ ಕಟ್ಟಿಗೆ ಮುರಿದ ಸದ್ದು ಬಂತು. ಅವಳ ಕೂಗು ಬೀದಿಗೆ ಕೇಳಿಸಿತು.

ಹೊಂಬಾಳಮ್ಮ ಅಡುಗೆಮನೆಯಿಂದ ತೆವಳಿಕೊಂಡು ಬಂದಳು. ಮೂರು ಬೀದಿಗೆ ಕೇಳುವ ಗಂಟಲು ಅವಳದ್ದು, ಈಗ ಅದರಲ್ಲಿ ಒಂದು ಅಕ್ಷರ ಇರಲಿಲ್ಲ. ಮಗನ ಪಂಚೆ ಹಿಡಿದು ಜಗ್ಗಿದಳು. ಅವನು ತಿರುಗಿದಾಗ ತನ್ನ ಎದೆಯನ್ನು ಬಡಿದು ಬಡಿದು ತೋರಿಸಿದಳು. ನಾನು, ನಾನು ಕಣಪ್ಪ, ಕೊಯ್ದವಳು ನಾನು.

"ನೋಡು! ಎದೆ ಉರೀತಾ ಐತೆ ನಮ್ಮವ್ವುಂಗೆ, ನೋಡೇ!" ಎಂದು ಯತೀಶ್ ಮುರಿದ ಕೈಯ ಮೇಲೆಯೇ ಕಾಲಿಟ್ಟು ತುಳಿದ.

ಹೊಂಬಾಳಮ್ಮ ತಲೆ ಅಲ್ಲಾಡಿಸಿದಳು, ಒಲೆಯ ಕಡೆ ಕೈ ಮಾಡಿದಳು, ಕುಡುಗೋಲು ತೋರಿಸಿದಳು. ಅದಕ್ಕೆ ಇನ್ನೊಂದು ಒದೆ ಬಿತ್ತು ಅರ್ಪಿತಳ ಪಕ್ಕೆಗೆ. ಮುದುಕಿ ಕೈ ಮುಗಿದರೆ ಮತ್ತೊಂದು. ತಾನು ಮಾಡುವ ಪ್ರತಿಯೊಂದು ಸನ್ನೆಗೂ ಸೊಸೆಗೆ ಒಂದೊಂದು ಏಟು ಬೀಳುತ್ತಿದೆ ಎಂದು ತಿಳಿದ ಮೇಲೆ ಹೊಂಬಾಳಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟಳು. ಯತೀಶ್ ಕುಂಡಗಳನ್ನು ಒಂದೊಂದಾಗಿ ಎತ್ತಿ ಹೆಂಡತಿಯ ಮೇಲೆ ಎಸೆದ. ಮಣ್ಣು, ಚೂರು, ಬೇರು ಅವಳ ಮೇಲೆ ಗುಡ್ಡೆ ಬಿದ್ದವು. ಅವಳು ಕೂಗುವುದನ್ನೂ ನಿಲ್ಲಿಸಿದಳು.

ವೀಣ ಬಾಗಿಲು ಒದ್ದುಕೊಂಡು ನುಗ್ಗಿದಳು, ಹಿಂದೆ ಅವಳ ಗಂಡ, ಅವನ ಹಿಂದೆ ಬೀದಿಯ ನಾಲ್ಕು ಜನ. ನಾಲ್ಕು ಜನ ಹಿಡಿದರೂ ಯತೀಶನನ್ನು ಗೋಡೆಗೆ ಒತ್ತಿ ನಿಲ್ಲಿಸಲು ಹೊತ್ತು ಹಿಡಿಯಿತು. ವೀಣಳ ಗಂಡನ ವ್ಯಾನಿನಲ್ಲಿ ಅತ್ತೆ ಸೊಸೆ ಇಬ್ಬರನ್ನೂ ಮಂಡ್ಯದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅವ್ವನ ಜೊತೆ ತಾನು ಬರಲೇಬೇಕೆಂದು ಹತ್ತಿ ಕೂತ ಯತೀಶ್ ದಾರಿಯಲ್ಲಿ ಹೆಂಡತಿಯ ಕಿವಿಗೆ ಬಾಗಿ ಹೇಳಿದ.

"ಮೆಟ್ಲಿಂದ ಬಿದ್ದೆ ಅನ್ನು. ಇಲ್ಲಾಂದ್ರೆ ಅತ್ತೆಗೆ ವಿಸ ಇಕ್ಕುದ್ಲು ಅಂತ ಸ್ಟೇಸನ್ನಲ್ಲಿ ಬರುಸ್ತೀನಿ. ಜೈಲ್ನಲ್ಲಿ ಕೊಳೀತೀಯ."

ಅರ್ಪಿತ ಮೆಟ್ಟಿಲಿಂದ ಬಿದ್ದೆ ಎಂದಳು.

ಡಾಕ್ಟರು ಹೊಂಬಾಳಮ್ಮನಿಗೆ ಇಂಜೆಕ್ಷನ್ ಕೊಟ್ಟು, ಜೀವಕ್ಕೇನೂ ಭಯವಿಲ್ಲ, ಎರಡು ಮೂರು ದಿನಕ್ಕೆ ಊತ ಇಳಿಯುತ್ತದೆ ಎಂದರು. ಏನಾಯಿತು ಎಂಬ ಪ್ರಶ್ನೆಗೆಲ್ಲ ಮಗನೇ ಉತ್ತರ ಕೊಟ್ಟ. ಅವಳಿಗೆ ಬರೆದು ತೋರಿಸಲು ಅಕ್ಷರ ಬಾರದು. ಹೆಂಗಸರ ವಾರ್ಡಿನಲ್ಲಿ ಸೊಸೆಯ ಮಂಚ ಮೂರು ಮಂಚದಾಚೆ. ಹಣೆಗೆ ಏಳು ಹೊಲಿಗೆ, ಬಲಗೈಗೆ ಬೆರಳಿನ ತನಕ ಪಟ್ಟಿ.

ಎರಡನೆಯ ದಿನ ಅರ್ಪಿತ ಎದ್ದು ಬಂದು ಅತ್ತೆಯ ಮಂಚದ ಪಕ್ಕ ನಿಂತಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ಕುಯ್ದಿದ್ದು ನೀವೇ ಅಂತ ನಂಗೊತ್ತು ಅತ್ತೆ. ಬಾಯಿ ಬಂದ ತಕ್ಷಣ ಒಂದು ಮಾತು ಹೇಳಿ. ಅಷ್ಟು ಸಾಕು ನಂಗೆ. ಕಾಲಿಗೆ ಬೀಳಲ್ಲ, ಕೇಳ್ಕೋತಾ ಇದೀನಿ."

ಹೊಂಬಾಳಮ್ಮ ಆಯಿತೆಂದು ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಆ ಗಳಿಗೆಗೆ ಅದು ನಿಜವಾದ ನೀರೇ.

ಮೂರನೆಯ ದಿನ ಬೆಳಿಗ್ಗೆ ಮುಖ ತೊಳೆಯಲು ಹೋದವಳಿಗೆ ನಾಲಿಗೆ ಹಗುರಾಗಿದೆ ಎನಿಸಿತು. ನಲ್ಲಿಯ ಸದ್ದಿನಲ್ಲಿ ಮೆಲ್ಲಗೆ "ಅರ್ಪಿತ" ಎಂದು ನೋಡಿದಳು. ತೊದಲಾದರೂ ಮಾತು ಬಂತು. ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿ, ತುಟಿ ಬಿಗಿದುಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ವಾಪಸು ಬಂದು ಮಲಗಿದಳು.

ಮಗನನ್ನು ಉಳಿಸಲು ಹಾಗೆ ಮಾಡಿದಳು ಎನ್ನೋಣವೆಂದರೆ ಅದು ಅರ್ಧ ಸುಳ್ಳು. ಅವಳಿಗೆ ಮೊದಲು ಬಂದದ್ದು ನಾಚಿಕೆ. ಸೊಪ್ಪಿನ ಹೊಂಬಾಳಮ್ಮ ಶೋಕಿಯ ಗಿಡ ಬೇಯಿಸಿ ತಿಂದಳಂತೆ ಎಂದು ಊರು ನಗುವುದು ಅವಳ ಕಣ್ಣಿಗೆ ಕಟ್ಟಿತು. ಮಗ ಜೈಲಿಗೆ ಹೋಗುತ್ತಾನೆ ಎಂಬುದು ಆಮೇಲೆ ಹೊಳೆಯಿತು. ಅರ್ಪಿತ ಎರಡು ಸಲ ಬಂದು "ಬಾಯಿ ಬಂತಾ ಅತ್ತೆ?" ಎಂದು ಕೇಳಿದಳು. ಎರಡು ಸಲವೂ ಮುದುಕಿ ಇಲ್ಲವೆಂದು ತಲೆಯಾಡಿಸಿದಳು.

ಮಧ್ಯಾಹ್ನಕ್ಕೆ ಮಳವಳ್ಳಿಯಿಂದ ಸಿದ್ದರಾಜು ಬಂದ. ಹೊಂಬಾಳಮ್ಮನ ಖಾಸಾ ತಮ್ಮ. ನೆಂಟರಿಷ್ಟರಲ್ಲಿ ಗಂಡ ಹೆಂಡಿರ ಜಗಳವಾದರೆ ನ್ಯಾಯಕ್ಕೆ ಕೂರುವವನು, ಜೇಬಿನಲ್ಲಿ ಯಾವಾಗಲೂ ಪೆನ್ನಿಟ್ಟುಕೊಂಡವನು. ನಿಡಘಟ್ಟದಿಂದ ಅರ್ಪಿತಳ ಅಪ್ಪ ನಿಂಗಯ್ಯನನ್ನೂ ಕರೆಸಿದ್ದ. ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ಕಲ್ಲುಬೆಂಚು. ಅತ್ತೆ ಸೊಸೆ ಬೆಂಚಿನ ಮೇಲೆ, ಯತೀಶ್ ಹೆಂಡತಿಯ ಪಕ್ಕಕ್ಕೆ ಅಂಟಿಕೊಂಡು ನಿಂತಿದ್ದ. ನಿಂಗಯ್ಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

"ನೋಡ್ರಪ್ಪ, ಪೋಲೀಸು ಕೋರ್ಟು ಅಂತ ಓದ್ರೆ ಎರಡು ಮನೇನೂ ಬೀದಿಗೆ ಬತ್ತವೆ. ವಿಸದ್ ವಿಸ್ಯ ನಾವ್ ಎತ್ತಲ್ಲ, ಒಡ್ದಿದ್ದ ನೀವ್ ಎತ್ತಬ್ಯಾಡಿ" ಎಂದು ಸಿದ್ದರಾಜು ಬರೆದುಕೊಂಡು ಬಂದಿದ್ದ ಕಾಗದವನ್ನು ಓದಿದ. "ನನ್ನ ಅತ್ತೆಯವರಿಗೆ ವಿಷದ ಸೊಪ್ಪನ್ನು ಬೇಯಿಸಿ ಕೊಟ್ಟಿದ್ದು ನನ್ನ ತಪ್ಪಾಗಿರುತ್ತದೆ. ನನ್ನ ಕೈ ಮೆಟ್ಟಿಲಿನಿಂದ ಬಿದ್ದು ಮುರಿದಿರುತ್ತದೆ. ಇನ್ನು ಮುಂದೆ ಮನೆಯೊಳಗೆ ಯಾವ ಗಿಡವನ್ನೂ ಬೆಳೆಸುವುದಿಲ್ಲ. ಗಂಡ ಮತ್ತು ಅತ್ತೆಯವರು ಹೇಳಿದಂತೆ ನಡೆದುಕೊಂಡು ಬಾಳುವೆ ಮಾಡುತ್ತೇನೆ."

"ನಾನು ಬೇಯ್ಸಿಲ್ಲ ಅಪ್ಪಾಜಿ" ಎಂದಳು ಅರ್ಪಿತ.

ನಿಂಗಯ್ಯ ಮಗಳ ಮುಖ ನೋಡಲಿಲ್ಲ. "ಸೈನ್ ಆಕ್ಬುಡು ಕಣವ್ವ. ಇವತ್ತಿಗೆ ಮುಗುದೋಗ್ಲಿ. ನಿನ್ ತಂಗೀರ್ ಮದ್ವೆ ಇನ್ನೂ ಆಗ್ಬೇಕು" ಎಂದು ಮಣ್ಣು ಕೆರೆದ.

ಅರ್ಪಿತ ಕೊನೆಯ ಸಲ ಎಂಬಂತೆ ಅತ್ತೆಯ ಕಡೆ ತಿರುಗಿದಳು. ಹೊಂಬಾಳಮ್ಮ ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡಳು. ಹುಡುಗಿ ಎಡಗೈ ಚಾಚಿ ಪೆನ್ನು ತೆಗೆದುಕೊಂಡಳು. ಆಗ ಯತೀಶ್ ಬಾಗಿ, ಪಟ್ಟಿ ಕಟ್ಟಿದ ಕೈಯ ಬೆರಳುಗಳನ್ನು ಹಿಂಡುತ್ತಾ, ನಗುಮುಖದಲ್ಲೇ ಪಿಸುಗುಟ್ಟಿದ.

"ಆಕು. ಮನೇಗ್ ಬಾ, ಐತೆ ನಿಂಗೆ."

ಅದು ಕೇಳಿಸಿದ್ದು ಪಕ್ಕದಲ್ಲಿ ಕೂತಿದ್ದ ಹೊಂಬಾಳಮ್ಮನಿಗೆ ಮಾತ್ರ. ಮೂವತ್ತೈದು ವರ್ಷದ ಕೆಳಗೆ ಅವಳಿಗೂ ಹೀಗೊಂದು ನ್ಯಾಯ ಆಗಿತ್ತು. ಕೆಂಪಸಿದ್ದಯ್ಯ ಎಲ್ಲರ ಮುಂದೆ ಕೈಮುಗಿದು, ಅವಳ ಹತ್ತಿರ ಇದೇ ಮಾತನ್ನು ಇದೇ ನಗುವಿನಲ್ಲಿ ಹೇಳಿದ್ದ. ಅವತ್ತು ಅವಳ ಅತ್ತೆ ಪಕ್ಕದಲ್ಲೇ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದಳು, ಕೇಳಿಯೂ ಬಾಯಿ ಬಿಡಲಿಲ್ಲ. ಮನೆಗೆ ಹೋದ ಮೇಲೆ ನಡೆದದ್ದರಲ್ಲಿ ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಹೋಯಿತು. ಆ ಅತ್ತೆಯನ್ನು ಹೊಂಬಾಳಮ್ಮ ಗಂಡನಿಗಿಂತ ಹೆಚ್ಚು ಶಪಿಸಿದ್ದಳು. ಈ ಹುಡುಗಿ ಇವತ್ತು ಆ ಮಹಡಿಯ ಮನೆಗೆ ಹೋದರೆ ಮತ್ತೆ ಇಳಿದು ಬರುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

"ಸೊಪ್ ಕುಯ್ದೋಳು ನಾನು" ಎಂದಳು.

ನಾಲಿಗೆ ಇನ್ನೂ ದಪ್ಪ, ಮಾತು ಒರಟೊರಟಾಗಿ ಬಂತು. ಆದರೂ ಎಲ್ಲರಿಗೂ ಕೇಳಿಸಿತು. ಸಿದ್ದರಾಜು ಕನ್ನಡಕ ತೆಗೆದ.

"ಅಕ್ಕಾ, ಮಾತು ಬತ್ತದಾ ನಿಂಗೆ?"

"ಬೆಳಿಗ್ಗಿಂದ್ಲೂ ಬತ್ತದೆ. ಸುಮ್ಕಿದ್ದೆ, ತೆಪ್ಪು ನಂದೇ. ಕುಯ್ದೋಳು ನಾನು, ಬೇಯ್ಸುದೋಳು ನಾನು, ಬಾಯ್ಗಾಕೊಂಡೋಳೂ ನಾನು. ಇವ್ಳು ಬ್ಯಾಡ ಅಂತ ಮೊದ್ಲೇ ಏಳಿದ್ಲು, ನಾನ್ ಕೇಳ್ನಿಲ್ಲ."

"ಅವ್ವ, ಜ್ವರ ಬ್ಯಾರೆ ಬಂದದೆ ನಿಂಗೆ, ಏನೇನೋ ಅಂತಿದೀಯ. ಸುಮ್ಕಿರು" ಎಂದ ಯತೀಶ್. ನಗು ಇನ್ನೂ ಮುಖದಲ್ಲೇ ಇತ್ತು, ದನಿ ಮಾತ್ರ ಬದಲಾಗಿತ್ತು.

"ಯಾವ್ ಜ್ವರಾನೂ ಇಲ್ಲ ಕಣ್ಲಾ. ಇವ್ಳು ಮೆಟ್ಲಿಂದ ಬಿದ್ದಿಲ್ಲ ಸಿದ್ರಾಜು. ಇವ್ನು ಕುಂಡ ಎತ್ತಾಕ್ದ, ಕೈ ಮುರೀತು. ಮುರ್ದ್ ಕೈನ ಕಾಲಲ್ಲಿ ತುಳ್ದ. ನಾ ಕೂತ್ಕೊಂಡು ನೋಡ್ದೆ. ಈಗ್ಲೂವೆ ಇಲ್ಲಿ ನಿಂತ್ಕೊಂಡು, ಮನೇಗ್ ಬಾ ಐತೆ ನಿಂಗೆ ಅಂತಾವ್ನೆ. ಕೊಂದಾಕ್ತಾನೆ ಕಣ್ಲಾ ಇವ್ನು, ಇವ್ರಪ್ಪನ್ ಕೈಯೇ ಇವ್ನ್ದೂವೆ..."

ಏಟು ಬಿದ್ದದ್ದು ಅವಳಿಗೆ ಕಾಣಿಸಲಿಲ್ಲ. ಕಲ್ಲುಬೆಂಚಿನಿಂದ ನೆಲಕ್ಕೆ ಉರುಳಿದ ಮೇಲೆ ತಿಳಿಯಿತು. ಮಗನ ಕೈ ಇವತ್ತಿನವರೆಗೆ ಅವಳ ಮೇಲೆ ಎದ್ದಿರಲಿಲ್ಲ. ಊದಿದ ನಾಲಿಗೆ ಹಲ್ಲಿನ ನಡುವೆ ಸಿಕ್ಕಿ ಸೀಳಿ, ಬಾಯಿ ತುಂಬ ಉಪ್ಪುಪ್ಪು ರಕ್ತ. ಯತೀಶ್ ಇನ್ನೊಂದು ಏಟಿಗೆ ಕಾಲೆತ್ತುವಷ್ಟರಲ್ಲಿ, ಇಲ್ಲಿತನಕ ಮಣ್ಣು ಕೆರೆಯುತ್ತಿದ್ದ ನಿಂಗಯ್ಯ ಬಿದ್ದಿದ್ದ ಇಟ್ಟಿಗೆಯೊಂದನ್ನು ಎತ್ತಿ ಅಳಿಯನ ಮಂಡಿಗೆ ಬೀಸಿ ಹೊಡೆದ. ಯತೀಶ್ ಅಯ್ಯೋ ಎಂದು ಕುಸಿದ. ಓಡಿಬಂದ ವಾರ್ಡಿನವರು, ಕಾವಲಿನವರು ಅವನನ್ನು ಮುಖ ಅಡಿಯಾಗಿ ಒತ್ತಿ ಹಿಡಿದರು. ಅವನು ಮಣ್ಣು ಕಚ್ಚಿಕೊಂಡೇ ಅವ್ವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ.

ಹೊಂಬಾಳಮ್ಮ ಎದ್ದು ಕೂತು ರಕ್ತ ಉಗಿದಳು.

"ಇದ್ನೂ ಬರ್ಕೊ ಸಿದ್ರಾಜು" ಎಂದಳು.

ಸಿದ್ದರಾಜು ಕಾಗದವನ್ನು ಮಡಿಚತೊಡಗಿದ್ದ. "ಬುಡಕ್ಕ, ಮೊದ್ಲು ಬಾಯಿಗೆ ಔಸ್ದಿ ಆಕುಸ್ಕೊ. ಇದ್ನೆಲ್ಲ ಬರ್ದು ಕೊಟ್ರೆ ನಿನ್ ಮಗನೇ ಜೈಲಿಗ್ ಓಗೋದು."

"ಓಗ್ಲಿ."

ಅರ್ಪಿತ ಆ ಕಾಗದವನ್ನು ಅವನ ಕೈಯಿಂದ ಕಿತ್ತು, ಹಿಂಬದಿ ತಿರುಗಿಸಿ, ಬೆಂಚಿನ ಮೇಲೆ ಹರಡಿದಳು. ಪೆನ್ನು ಅವಳ ಎಡಗೈಯಲ್ಲೇ ಇತ್ತು. ಕಾಗದ ಜಾರದಂತೆ ಪಟ್ಟಿ ಕಟ್ಟಿದ ಕೈಯನ್ನು ಮೇಲೆ ಇಟ್ಟುಕೊಂಡಳು, ನೋವಿಗೆ ಹಲ್ಲು ಕಚ್ಚಿಕೊಂಡಳು.

"ಹೇಳಿ ಅತ್ತೆ" ಎಂದಳು.

ಹೊಂಬಾಳಮ್ಮ ಹೇಳಿದಳು. ನಡುನಡುವೆ ರಕ್ತ ಉಗಿಯುತ್ತಾ, ಒಂದನ್ನೂ ಬಿಡದೆ ಹೇಳಿದಳು. ಎಡಗೈಯ ಅಕ್ಷರ ಸೊಟ್ಟಸೊಟ್ಟಗೆ ಸಾಲು ಬಿಟ್ಟು ಇಳಿಯುತ್ತಿತ್ತು. ಮುಗಿದ ಮೇಲೆ ಅರ್ಪಿತ ಅದನ್ನು ಗಟ್ಟಿಯಾಗಿ ಓದಿದಳು, ಸುತ್ತ ಸೇರಿದ್ದವರು ಕೇಳಿಸಿಕೊಂಡರು.

"ಸರಿಯಾಗೈತೆ. ಎಬ್ಬೆಟ್ ಎಲ್ಲಿ ಒತ್ಲಿ?"

"ಮಸಿ ಇಲ್ವಲ್ಲ ಅತ್ತೆ."

ಹೊಂಬಾಳಮ್ಮ ಹೆಬ್ಬೆರಳನ್ನು ತನ್ನ ತುಟಿಗೆ ಉಜ್ಜಿಕೊಂಡು ಕಾಗದದ ಕೆಳಗೆ ಒತ್ತಿದಳು.